ಆರನೇ ಅಮಾವಾಸ್ಯೆಗೆ ಬೀಗ

ಅಮಾವಾಸ್ಯೆಯ ದಿನ ಬೆಟಗೇರಿಯಲ್ಲಿ ಮಗ್ಗಗಳು ನಿಲ್ಲುತ್ತವೆ. ನಮ್ಮ ಲಿನಕ್ಸಿನ ಮುಂದಿನ ಆವೃತ್ತಿ ಹೇಗಿರಬೇಕೆಂಬ ಮಾತುಕತೆ ಅಮಾವಾಸ್ಯೆಯ ದಿನವೇ ನಡೆಯುತ್ತಿದ್ದುದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಹೊಸ ಕೆಲಸಕ್ಕೆ ಕೈ ಹಾಕಬಾರದೆಂದು ಊರು ಸುಮ್ಮನೆ ಕೂರುವ ದಿನ ನಾವು ಐದು ಜನ ನಿಂತ ಮಗ್ಗದ ಸುತ್ತ ಚಾಪೆ ಹಾಸಿಕೊಂಡು, ಇನ್ನು ಆರು ತಿಂಗಳಿಗೆ ಏನೇನು ಹೊಸದಾಗಬೇಕು ಎಂದು ಪಟ್ಟಿ ಮಾಡುತ್ತಿದ್ದೆವು.

ಲಿನಕ್ಸ್ ಅಂದರೇನು ಎಂದು ಕೇಳಿದ ನೆಂಟರಿಗೆಲ್ಲ ನಾನು ಒಂದೇ ವಿವರಣೆ ಕೊಡುತ್ತಿದ್ದೆ. ಕಂಪ್ಯೂಟರನ್ನು ಎಬ್ಬಿಸಿ, ಮುಖ ತೊಳೆಸಿ, ಕೆಲಸಕ್ಕೆ ಹಚ್ಚುವ ಮೂಲ ತಂತ್ರಾಂಶ ಅದು. ಅದಕ್ಕೆ ಮಾಲೀಕರಿಲ್ಲ. ಯಾರು ಬೇಕಾದರೂ ತೆಗೆದುಕೊಂಡು, ತಮಗೆ ಬೇಕಾದ ಹಾಗೆ ತಿದ್ದಿ, ಹಂಚಬಹುದು.

"ಹಂಗಾದ್ರ ಅದರಾಗ ನಿಮಗೇನ್ರಿ ಸಿಗತೈತಿ?" ಎಂದು ಮಾವನವರು ಒಮ್ಮೆ ಕೇಳಿದರು.

ನಾನು ಯೋಚನೆ ಮಾಡಿ "ಚಿಂತಿ" ಎಂದೆ. ಅವರು ಜೋರಾಗಿ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಜಿಲ್ಲೆ ಹೊಸದು, ಕಚೇರಿಗಳ ಫಲಕಗಳು ಹೊಸವು. ಆದರೆ ಶಾಲೆಗಳಿಗೆ, ವಾಚನಾಲಯಗಳಿಗೆ ಬರುತ್ತಿದ್ದ ಕಂಪ್ಯೂಟರುಗಳು ಬೇರೆ ಎಲ್ಲೋ ದುಡಿದು ಸುಸ್ತಾದವು. ಪೇಟೆಯಲ್ಲಿ ಸಿಗುವ ಹೊಸ ತಂತ್ರಾಂಶ ಹಾಕಿದರೆ ಅವು ಕೂತಲ್ಲೇ ಕೂರುತ್ತಿದ್ದವು. ನಾವು ಮಾಡುತ್ತಿದ್ದುದು ಇಷ್ಟೇ: ಜಗತ್ತಿನ ದೊಡ್ಡ ಲಿನಕ್ಸೊಂದನ್ನು ಇಳಿಸಿಕೊಂಡು, ಭಾರವಾದದ್ದನ್ನೆಲ್ಲ ಕಿತ್ತುಹಾಕಿ, ಕನ್ನಡವನ್ನು ಸರಿಯಾಗಿ ಕೂರಿಸಿ, ಡಿಸ್ಕಿಗೆ ಹಾಕಿ, ನಾಲ್ಕು ತಾಲೂಕುಗಳಿಗೆ ಬಸ್ಸಿನಲ್ಲಿ ಕಳಿಸುವುದು.

ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ರೂಢಿಯಾಗಿತ್ತು. ಬೆಟಗೇರಿ ಎಂದರೆ ನನ್ನ ಪ್ರಾಥಮಿಕ ಶಾಲೆಯ ಗೆಳೆಯ, ನೇಕಾರ. ಸೀರೆಯ ಅಂಚಿನ ಚಿತ್ತಾರವನ್ನು ಚೌಕುಳಿ ಕಾಗದದ ಮೇಲೆ ಒಂದೊಂದೇ ಚುಕ್ಕಿ ತುಂಬಿ ಬರೆಯುವುದರಲ್ಲಿ ಪಳಗಿದ ಕೈ. ಹೀಗಾಗಿ ಅಕ್ಷರಗಳ ಕೆಲಸ ಅವನ ಪಾಲಿಗೆ. ಲಕ್ಷ್ಮೇಶ್ವರ ಎಂದರೆ ಅಲ್ಲಿಯ ಬಜಾರದಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಮುಸಲ್ಮಾನರು, ಎಲ್ಲರ ಬಾಯಲ್ಲೂ ಸಾಹೇಬರು. ಮೊಳೆ, ಚಿಲಕ, ಬಿಜಾಗರಿ ಮಾರುತ್ತಲೇ ಪುಸ್ತಕ ನೋಡಿ ಪ್ರೋಗ್ರಾಮಿಂಗ್ ಕಲಿತವರು. ಎಲ್ಲರ ಕೆಲಸವನ್ನೂ ಒಂದುಗೂಡಿಸಿ ಡಿಸ್ಕ್ ಕಟ್ಟುವುದು ಅವರ ಹೊಣೆ. ಮುಂಡರಗಿ ಎಂದರೆ ಹೈಸ್ಕೂಲಿನ ಕನ್ನಡ ಮಾಸ್ತರರು, ನಮ್ಮೆಲ್ಲರಿಗಿಂತ ಹಿರಿಯರು, ಅನುವಾದ ಅವರದು. ಶಿರಹಟ್ಟಿ ಒಬ್ಬ ಹೆಣ್ಣುಮಗಳು, ಹೆಚ್ಚು ಕಡಿಮೆ ನನ್ನ ವಯಸ್ಸಿನವರು. ಅಲ್ಲಿಯ ಒಂದು ಕಚೇರಿಯ ಜಗುಲಿಯ ಮೇಲೆ ಮೇಜು ಹಾಕಿಕೊಂಡು ಮಂದಿಗೆ ಅರ್ಜಿ ಟೈಪು ಮಾಡಿಕೊಡುತ್ತಿದ್ದರು. ಮೊದಲು ಹನ್ನೆರಡು ವರ್ಷ ಟೈಪ್‌ರೈಟರ್, ಆಮೇಲೆ ಗದಗಿನ ಮುಚ್ಚಿಹೋದ ಪ್ರೆಸ್ಸೊಂದರ ಹಳೆಯ ಕಂಪ್ಯೂಟರು, ಜೊತೆಗೆ ಸೂಜಿಗಳಿಂದ ಚುಕ್ಕಿ ಕುಟ್ಟಿ ಕುಟ್ಟಿ ಅಕ್ಷರ ಮೂಡಿಸುವ ಹಳೆಯ ಪ್ರಿಂಟರು. ಪಕ್ಕದ ಚಹದಂಗಡಿಯಿಂದ ಎಳೆದ ಕರೆಂಟು. ನಾವು ಮಾಡಿದ್ದನ್ನು ದಿನವಿಡೀ ಬಳಸಿ, ಎಲ್ಲಿ ಏನು ಮುರಿದಿದೆ ಎಂದು ಹೇಳುವ ಪರೀಕ್ಷಕಿ ಅವರು.

ಗದಗ ಎಂದರೆ ನಾನು. ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯದ ಸಹಾಯಕ. ನನ್ನ ಪಾಲಿಗೆ ಬಂದದ್ದು ಯೋಜನೆ. ಅಂದರೆ, ಉಳಿದ ನಾಲ್ವರು ಮಾಡುವ ಕೆಲಸದ ಬಗ್ಗೆ ಚಿಂತೆ ಮಾಡುವುದು.

ಶಿರಹಟ್ಟಿಯವರು ದೋಷಗಳನ್ನು ವರದಿ ಮಾಡುವ ರೀತಿಯೇ ಬೇರೆ. ಹನ್ನೆರಡು ವರ್ಷದ ಕೈ ಎಲ್ಲಿಗೆ ಹೋದೀತು, ಪ್ರತಿ ದೋಷಕ್ಕೂ ಒಂದು ಅರ್ಜಿ. ಆ ಸಲ ಪುಷ್ಯದ ಅವರಾತ್ರಿ ಅಮಾವಾಸ್ಯೆಗೆ ಅವರು ತಂದ ಹಾಳೆಯನ್ನು ಮುಂಡರಗಿ ಮಾಸ್ತರರು ಮಗ್ಗಕ್ಕೆ ಒರಗಿ ಎಲ್ಲರಿಗೂ ಕೇಳುವಂತೆ ಓದಿದರು.

"ವಿಷಯ: ಹೊಸ ಆವೃತ್ತಿಯಲ್ಲಿ ಮುದ್ರಣ ಯಂತ್ರವು ಒತ್ತಕ್ಷರಗಳನ್ನು ನುಂಗುತ್ತಿರುವ ಬಗ್ಗೆ. ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ..." ಮಾಸ್ತರರು ಕನ್ನಡಕ ತೆಗೆದು ನಕ್ಕರು. "ಏನವ್ವಾ, ನಾವೇನು ತಹಸೀಲ್ದಾರರೇನ?"

"ಅರ್ಜಿ ಕೊಟ್ರ ಯಾರಾದ್ರೂ ಒಮ್ಮೆ ಓದತಾರ್ರಿ. ಬಾಯಿಲೆ ಹೇಳಿದ್ರ ಹೂಂ ಅಂತಾರ, ಅಷ್ಟ" ಎಂದರು ಶಿರಹಟ್ಟಿ.

ವಿಷಯ ಗಂಭೀರವಾಗಿಯೇ ಇತ್ತು. ಅವರು ಕೂರುವ ಜಗುಲಿಯ ಕಚೇರಿಯಲ್ಲಿ ಒಂದು ಸೂಚನೆ ಹಚ್ಚಿದ್ದರು. ನಾಗರ ಪಂಚಮಿಯ ಹೊತ್ತಿನಿಂದ ಕೆಲವು ಬಗೆಯ ಅರ್ಜಿಗಳನ್ನು ಮೊದಲು ಅಂತರ್ಜಾಲದ ಪುಟದಲ್ಲಿ ತುಂಬಿ, ಅದರ ಪ್ರತಿಯನ್ನು ಮುದ್ರಿಸಿ ಲಗತ್ತಿಸಬೇಕು. ನಮ್ಮ ಹಳೆಯ ಆವೃತ್ತಿಯಲ್ಲಿ ಆ ಪುಟ ತೆರೆಯುತ್ತಲೇ ಇರಲಿಲ್ಲ. ಹಳೆಯದರ ಮೇಲೆ ಹೊಸ ಬ್ರೌಸರ್ ಕೂರಿಸಲು ಲಕ್ಷ್ಮೇಶ್ವರದವರು ಒಂದು ವಾರ ಒದ್ದಾಡಿ ಕೈ ಬಿಟ್ಟಿದ್ದರು. ಹೊಸ ಆವೃತ್ತಿಯ ಕರಡಿನಲ್ಲಿ ಪುಟ ತೆರೆಯುತ್ತಿತ್ತು. ಆದರೆ ಅದರೊಳಗಿನ ಮುದ್ರಣದ ವ್ಯವಸ್ಥೆಯನ್ನೇ ಆ ದೊಡ್ಡ ಲಿನಕ್ಸ್ ಮಾಡುವ ಜಗತ್ತಿನವರು ಬದಲಿಸಿದ್ದರು. ಸೂಜಿಯ ಪ್ರಿಂಟರಿನಲ್ಲಿ ಸಾಲಿನ ಕೆಳಗೆ ಬರಬೇಕಾದ ಒತ್ತುಗಳೆಲ್ಲ ಕತ್ತರಿಸಿ ಹೋಗುತ್ತಿದ್ದವು. ಅಂಥ ಅರ್ಜಿಯನ್ನು ಯಾವ ಗುಮಾಸ್ತನೂ ಮುಟ್ಟುವುದಿಲ್ಲ. ರಸ್ತೆಯ ಆಚೆ ಹೊಸ ಕಂಪ್ಯೂಟರಿನ ಅಂಗಡಿಯೊಂದು ಆಗಲೇ ಬಾಗಿಲು ತೆರೆದಿತ್ತು.

ಅಂದರೆ ಆ ಮುದ್ರಣ ಸರಿಯಾದರೆ ಶಿರಹಟ್ಟಿಯವರ ಮೇಜು ಜಗುಲಿಯ ಮೇಲೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಆ ದಿನ ಅಲ್ಲಿದ್ದ ಐವರಿಗೂ ಗೊತ್ತಿತ್ತು.

"ಒತ್ತಕ್ಷರ ಎಲ್ಲಾ ಹೊಸದಾಗಿ ಬರೀಬೇಕಲೇ" ಎಂದ ಬೆಟಗೇರಿ ನನಗೆ. "ಒಂದೊಂದಕ್ಕೂ ಚುಕ್ಕಿ ಇಡಬೇಕು, ಸೀರಿ ಅಂಚು ಬರ್ಯೂವಂಗ. ಕ ಒತ್ತಿನಿಂದ ಳ ಒತ್ತಿನ ತನಕ. ಮಗ್ಗ ನಿಂತಾಗಷ್ಟ ಕುಂಡ್ರಾಕ ಆಗೂದು. ಆರು ಅಮಾಸಿ ಪೂರಾ ಬೇಕು ನನಗ."

"ಆರು ಅಮಾಸಿ ತಗೋ" ಎಂದೆ. ಪಟ್ಟಿಯ ಕೆಳಗೆ ದಪ್ಪಗೆ ಬರೆದೆ: ಆರನೇ ಅಮಾವಾಸ್ಯೆಗೆ ಬೀಗ.

ಬೀಗ ಎಂಬುದು ನಮ್ಮ ಮಾತು. ಒಂದು ದಿನ ಬರುತ್ತದೆ, ಅಂದಿಗೆ ಯಾರ ಹೊಸ ಕೆಲಸವನ್ನೂ ಒಳಗೆ ತೆಗೆದುಕೊಳ್ಳುವುದು ನಿಲ್ಲುತ್ತದೆ. ಆಮೇಲೆ ಹದಿನೈದು ದಿನ ಶಿರಹಟ್ಟಿಯವರ ಮೇಜಿನ ಮೇಲೆ ಬರೀ ಪರೀಕ್ಷೆ, ಮುಂದಿನ ಹುಣ್ಣಿಮೆಗೆ ಬಿಡುಗಡೆ. ಒಮ್ಮೆ ಬಿದ್ದ ಬೀಗವನ್ನು ತೆರೆಯುವ ಹಾಗಿಲ್ಲ. ಒಂದು ಸಲ ಮುಂಡರಗಿಯವರ ನಾಲ್ಕು ಶಬ್ದಗಳ ಸಲುವಾಗಿ ತೆರೆದಿದ್ದೆವು. ಆ ನಾಲ್ಕು ಶಬ್ದ ಒಳಗೆ ಹೋಗುವಾಗ ಗಡಿಯಾರವನ್ನೂ ಕೀಲಿಮಣೆಯನ್ನೂ ಕೆಡಿಸಿಕೊಂಡು ಹೋದವು. ಆಗ ಈ ನಿಯಮ ಮಾಡಿದವನು ನಾನೇ. ತಾರೀಖಿನ ಬದಲು ಅಮಾವಾಸ್ಯೆ ಎಂದು ಮಾಡಿದವನೂ ನಾನೇ. ತಾರೀಖು ಕೊಟ್ಟರೆ ಇವರಿಗೆ ನೆನಪಿರುತ್ತಿರಲಿಲ್ಲ. ಅಮಾವಾಸ್ಯೆಯನ್ನು ನಮ್ಮ ಕಡೆ ಯಾರೂ ಮರೆಯುವುದಿಲ್ಲ. ನನ್ನ ಈ ಜಾಣತನದ ಬಗ್ಗೆ ನನಗೆ ಒಳಗೊಳಗೇ ಒಂದು ಜಂಭ ಇತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ಆರು ತಿಂಗಳು ನಾನು ಯಾವುದರ ಬಗ್ಗೆ ಚಿಂತೆ ಮಾಡಿದೆ ಎಂದು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಬೇಸಿಗೆಯ ಬಿಸಿಗೆ ಲಕ್ಷ್ಮೇಶ್ವರದ ಕಂಪ್ಯೂಟರು ಸುಟ್ಟುಹೋದರೆ? ಖಾಲಿ ಡಿಸ್ಕುಗಳು ಪೇಟೆಯಲ್ಲಿ ಸಿಗದೇ ಹೋದರೆ? ಪರದೆಯ ಹಿಂದೆ ಹಾಕಿದ ಡಂಬಳದ ಕೆರೆಯ ಚಿತ್ರ ಹಳೆಯ ಮಾನಿಟರುಗಳಲ್ಲಿ ಕಪ್ಪಾಗಿ ಕಂಡರೆ? ಕೆರೆಯ ಚಿತ್ರದ ಸಲುವಾಗಿ ನಾನು ಎರಡು ಸಲ ಗದಗಿನ ಹತ್ತಿರದ ಮಲ್ಲಸಮುದ್ರದ ನನ್ನ ಮನೆಯಿಂದ ಡಂಬಳಕ್ಕೆ ಹೋಗಿ ಬಂದೆ. ನೀರಿನ ಮೇಲೆ ಬೆಳಕು ಹೆಚ್ಚಿರುವ ಹೊತ್ತು ನೋಡಿ ಫೋಟೋ ತೆಗೆದೆ. ಇಷ್ಟೆಲ್ಲ ದೂರದೃಷ್ಟಿ ಇದ್ದ ಮನುಷ್ಯ ನಾನು.

ಆ ವರ್ಷ ಅಧಿಕ ವೈಶಾಖ ಬಂದಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಪಂಚಾಂಗ ತನ್ನ ಲೆಕ್ಕ ಸರಿಮಾಡಿಕೊಳ್ಳಲು ಒಂದು ತಿಂಗಳನ್ನು ಹೆಚ್ಚಿಗೆ ತುರುಕುತ್ತದೆ. ಆ ತಿಂಗಳಲ್ಲಿ ಮದುವೆ ಇಲ್ಲ, ಮುಂಜಿವೆ ಇಲ್ಲ, ಹಬ್ಬ ಇಲ್ಲ. ಇದ್ದೂ ಇಲ್ಲದ ತಿಂಗಳು. ಅಳಿಯಂದಿರಿಗೆ ಮಾತ್ರ ಯೋಗ. ಅತ್ತೆಯವರು ನನ್ನನ್ನು ಕರೆದು, ಮಣೆಯ ಮೇಲೆ ಕೂರಿಸಿ, ಅಧಿಕ ಮಾಸದ ಪದ್ಧತಿಯಂತೆ ಮೂವತ್ಮೂರು ಅನಾರಸಗಳನ್ನು, ಅಂದರೆ ಅಕ್ಕಿ ಬೆಲ್ಲದ ಕಜ್ಜಾಯಗಳನ್ನು, ತಟ್ಟೆಯಲ್ಲಿಟ್ಟು ಕೊಟ್ಟರು. ನಾನು ಅವನ್ನು ತಿನ್ನುತ್ತ ಖಾಲಿ ಡಿಸ್ಕುಗಳ ಬಗ್ಗೆ ಚಿಂತಿಸುತ್ತಿದ್ದೆ. ಅಧಿಕ ಮಾಸ ಬಂದಿದೆ ಎಂಬುದಕ್ಕೆ ಅದಕ್ಕಿಂತ ಸಿಹಿಯಾದ ನೋಟೀಸು ಯಾರಿಗೂ ಬರಲಾರದು.

ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಲಕ್ಷ್ಮೇಶ್ವರದಿಂದ ಮೊಬೈಲಿಗೆ ಎರಡು ಶಬ್ದದ ಸಂದೇಶ ಬಂತು: ಬೀಗ ಬಿತ್ತು.

ನಾನು ಅದನ್ನು ಓದಿ ಮೊಬೈಲು ಕೆಳಗಿಟ್ಟು ಮಜ್ಜಿಗೆ ಕಲಸಿಕೊಂಡೆ. ಎರಡು ತುತ್ತು ಆದ ಮೇಲೆ ಬೆಟಗೇರಿಯ ಫೋನು ಬಂತು.

"ಏನಲೇ ಇದು, ಬೀಗ ಅಂತ ಬಂದೈತಿ?"

"ಹೌದು. ಆರು ಅಮಾಸಿ ಆದೂವಲ್ಲ."

"ಎಲ್ಲಿ ಆರು? ಇವತ್ತಿಗೆ ಐದು. ಮಾಘ, ಪಾಲ್ಗುಣ, ಚೈತ್ರ, ವೈಶಾಖ, ಜ್ಯೇಷ್ಠ. ಬೀಗ ಬರೂ ತಿಂಗಳ ನಾಗರ ಅಮಾಸಿಗೆ. ನಾನು ಇನ್ನ ಪ ಒತ್ತಿನ್ಯಾಗ ಅದೀನಿ."

ನಾನು ಬೆರಳು ಮಡಚಿ ಎಣಿಸಿದೆ. ಐದು ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದೆ. ಆರು ಬಂತು. ಇನ್ನೊಮ್ಮೆ ಬೆರಳಿನಲ್ಲಿ ಎಣಿಸಿದೆ.

"ಅಧಿಕದ ಅಮಾಸಿ" ಎಂದೆ.

"ಅಧಿಕದ್ದನ್ನ ಯಾವಾಂವ ಎಣಸತಾನ?" ಎಂದ ಬೆಟಗೇರಿ.

ಇಂಥ ಹೊತ್ತಿಗೆ ಎದೆ ಧಸಕ್ಕೆನ್ನಬೇಕು. ನಾನು ಕಾದೆ. ಏನೂ ಆಗಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೆ ಬೇರೆ ಯಾರದೋ ಕಾಲನ್ನು ಚಿವುಟಿದ ಹಾಗಿರುತ್ತದಲ್ಲ, ಹಾಗಿತ್ತು. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಮರುದಿನದ ಹೊತ್ತಿಗೆ ಐವರೂ ಅಲ್ಲಿ ಸೇರಿದ್ದೆವು, ಕಬ್ಬಿಣದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೊಳೆಯ ಚೀಲಗಳ ಮೇಲೆ. ಸಾಹೇಬರು ಎಲ್ಲರಿಗೂ ಚಹ ತರಿಸಿದರು. ಅವರ ಮುಖದಲ್ಲಿ ನಿಜವಾದ ಗೊಂದಲವಿತ್ತು.

"ನೀವು ಆರು ಅಂದ್ರಿ. ನಾನು ಚಂದ್ರನ್ನ ನೋಡಕೋತ ಎಣಿಸಿದೆ. ಚಂದ್ರ ಆರು ಸಲ ಮುಳುಗಿದ. ಇದರಾಗ ನನ್ನ ತಪ್ಪೇನೈತ್ರಿ?"

"ತಪ್ಪಿಲ್ಲ ಸಾಹೇಬ್ರ. ಆದ್ರ ನಡುವ ಒಂದು ಅಧಿಕ ಬಂದಿತ್ತು" ಎಂದರು ಮುಂಡರಗಿ ಮಾಸ್ತರರು.

"ನಮ್ಮಲ್ಲಿ ಚಂದ್ರ ಯಾವತ್ತೂ ಹೆಚ್ಚಿಗಿ ಬರಂಗಿಲ್ಲರೀ. ವರ್ಷಕ್ಕ ಹನ್ನೆರಡಂದ್ರ ಹನ್ನೆರಡು, ಮುಗೀತು. ಅದಕ್ಕ ನಮ್ಮ ಹಬ್ಬ ಬ್ಯಾಸಗ್ಯಾಗೂ ಬರತಾವು, ಚಳ್ಯಾಗೂ ಬರತಾವು. ನಿಮ್ಮ ಚಂದ್ರನ್ನ ನೀವು ಬೇಕಾದಾಗ ಲೆಕ್ಕಕ್ಕ ಹಿಡೀತೀರಿ, ಬ್ಯಾಡಾದಾಗ ಬಿಡತೀರಿ. ನನಗ ಹ್ಯಾಂಗ ಗೊತ್ತಾಗಬೇಕು?"

ಬೆಟಗೇರಿ ನಕ್ಕುಬಿಟ್ಟ. ಸಾಹೇಬರೂ ನಕ್ಕರು. ಮಾಸ್ತರರು ನನ್ನ ಕಡೆ ತಿರುಗಿದರು. "ಲೇ ತಮ್ಮಾ, ಕಣಗಿನಹಾಳದ ಮಂದಿ ನೂರು ವರ್ಷದ ಹಿಂದ ಕೂಡಿ ಸಹಕಾರಿ ಸಂಘ ಕಟ್ಟಿದ್ರು. ನಾವು ಐದು ಮಂದಿ ಕೂಡಿ ಒಂದು ದಿನಾ ಗೊತ್ತು ಮಾಡಾಕ ಆಗಲಿಲ್ಲ. ಪಟ್ಟಿ ಬರದಾಂವ ನೀನ. ಅದರ ಮಗ್ಗಲಕ್ಕ ಒಂದು ತಾರೀಖ ಬರದಿದ್ರ ಕೈ ಸವೀತಿತ್ತೇನು?"

"ಹೌದ್ರಿ" ಎಂದೆ.

ಬೀಗ ತೆರೆಯಬೇಕೋ ಬೇಡವೋ ಎಂಬುದು ಉಳಿದ ಪ್ರಶ್ನೆ. ತೆರೆದರೆ ಬಿಡುಗಡೆ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಬೆಟಗೇರಿಯ ಚುಕ್ಕಿಗಳು ಅರ್ಧಕ್ಕೆ ನಿಂತಿದ್ದವು. ಅರ್ಧವನ್ನೇ ಹಾಕಿದರೆ ಕೆಲವು ಒತ್ತು ಬರುತ್ತವೆ, ಕೆಲವು ಬರುವುದಿಲ್ಲ. ಅದು ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು. ಇತ್ತ ಮಾಸ್ತರರು ಲಕ್ಷ್ಮೇಶ್ವರದ ಬೀಗದ ಸಂದೇಶ ನಂಬಿ ಹಿಂದಿನ ದಿನ ಸಂಜೆಯೇ ಮುಂಡರಗಿ ಸುತ್ತಲಿನ ಶಾಲೆಗಳಿಗೆ ಮಾತು ಕೊಟ್ಟುಬಿಟ್ಟಿದ್ದರು. ಹುಣ್ಣಿಮೆಯ ಮರುದಿನ ಶಿಕ್ಷಕರೆಲ್ಲ ಬರುತ್ತಾರೆ, ಹೊಸ ಡಿಸ್ಕ್ ಹಾಕುವುದನ್ನು ಕಲಿಯುತ್ತಾರೆ, ಎರಡು ಕೋಣೆ ಗೊತ್ತಾಗಿದೆ.

ಎಲ್ಲರೂ ನನ್ನ ಮುಖ ನೋಡಿದರು. ಯೋಜನೆ ನನ್ನದಲ್ಲವೇ. ನಾನು ಮೊಳೆಯ ಚೀಲದ ಮೇಲೆ ಅಚ್ಚಾದ ಅಕ್ಷರ ಓದುತ್ತ ಕೂತಿದ್ದೆ. ಏನಾದರೂ ಒಂದು ಅನ್ನಿಸಲಿ, ಅದನ್ನೇ ಹೇಳೋಣ ಎಂದು ಕಾಯುತ್ತಿದ್ದೆ. ಅವರಾತ್ರಿಯಿಂದ ಈಚೆಗೆ ಚಿಂತೆ ಮಾಡುವ ಶಕ್ತಿಯನ್ನೆಲ್ಲ ಸುಡದ ಕಂಪ್ಯೂಟರಿಗೆ, ಸಿಕ್ಕ ಡಿಸ್ಕುಗಳಿಗೆ, ಕಪ್ಪಾಗದ ಕೆರೆಗೆ ಸುರಿದು ಮುಗಿಸಿದ್ದೆ. ನಿಜವಾದದ್ದು ಬಂದಾಗ ಪಾತ್ರೆ ಬೋರಲು.

ಶಿರಹಟ್ಟಿಯವರು ಸೆರಗಿನಲ್ಲಿ ಚಹದ ಬಿಸಿ ಬಟ್ಟಲು ಹಿಡಿದುಕೊಂಡು ಬಾಗಿಲ ಹತ್ತಿರ ಕೂತಿದ್ದರು.

"ನನ್ನ ಒಂದು ಪ್ರಿಂಟರಿನ ಸಲುವಾಗಿ ಅಷ್ಟೂ ಸಾಲಿ ನಿಂದ್ರಸಬ್ಯಾಡ್ರಿ. ಬಿಡ್ರಿ ಇದನ್ನ. ಮುಂದಿನದರಾಗ ಹಾಕ್ರಿ" ಎಂದರು.

"ಪಂಚಮಿ ಬಂದ ಮ್ಯಾಲೆ ಏನ್ ಮಾಡ್ತೀರಿ?" ಎಂದು ಕೇಳಿದವರು ಸಾಹೇಬರು. ನಾನು ಕೇಳಬೇಕಿತ್ತು.

"ನೋಡತೀನಿ. ಟೈಪ್‌ರೈಟರಿನಿಂದ ಇದಕ್ಕ ಬಂದಾಕಿ. ಇದರಿಂದ ಮತ್ತೊಂದಕ್ಕ ಹೋಗತೀನಿ."

"ಹಂಗಾದ್ರ ಆತು" ಎಂದೆ ನಾನು. ಯೋಜನಾ ಸಂಚಾಲಕನಾಗಿ ಆ ದಿನ ನಾನು ಆಡಿದ ಒಟ್ಟು ಮಾತು ಹೆಚ್ಚು ಕಡಿಮೆ ಇಷ್ಟೇ.

ಇಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಬಿಡುಗಡೆ ಹೇಗೇ ಆಗಲಿ, ಬೆಟಗೇರಿ ಉಳಿದ ಒತ್ತುಗಳನ್ನು ತಾನು ಅಂದುಕೊಂಡ ಹಾಗೆ ನಾಗರ ಅಮಾವಾಸ್ಯೆಗೆ ಮುಗಿಸಬಹುದಿತ್ತು. ಶಿರಹಟ್ಟಿಯವರೊಬ್ಬರ ಸಲುವಾಗಿ ಒಂದು ಬೇರೆ ಡಿಸ್ಕ್ ಕಟ್ಟಬಹುದಿತ್ತು. ನಾನು ಬಸ್ಸು ಹತ್ತಿ ಶಿರಹಟ್ಟಿಗೆ ಹೋಗಿ ಹಾಕಿ ಬರಬಹುದಿತ್ತು. ಪಂಚಮಿಗೆ ಮೊದಲೇ. ಇದಕ್ಕೆ ಬೇಕಾದದ್ದು ಬೆಟಗೇರಿಗೆ ಒಂದು ಮಾತು: ನಿಲ್ಲಿಸಬೇಡ. ಆ ಮಾತನ್ನು ನಾನು ಆಡಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಮುಂದಿನ ಆವೃತ್ತಿಗೆ ಎಂದು ಪಟ್ಟಿಯಲ್ಲಿ ಗುರುತು ಹಾಕಿದ್ದೆ. ಪಟ್ಟಿಯಲ್ಲಿ ಗುರುತು ಬಿದ್ದ ಮೇಲೆ ಆ ವಿಷಯಕ್ಕೆ ಏನೋ ಒಂದು ಆಯಿತು ಎಂದು ನನ್ನ ತಲೆ ನಂಬುತ್ತದೆ. ಬೆಟಗೇರಿಯೂ ಚೌಕುಳಿ ಕಾಗದಗಳನ್ನು ಸುರುಳಿ ಸುತ್ತಿ ಅಟ್ಟದ ಮೇಲಿಟ್ಟ. ಶ್ರಾವಣದ ಸೀರೆಗಳು ಮಗ್ಗದ ಮೇಲಿದ್ದವು.

ಹುಣ್ಣಿಮೆಗೆ ಬಿಡುಗಡೆ ಆಯಿತು. ಅಷ್ಟು ಸುಸೂತ್ರವಾದ ಬಿಡುಗಡೆ ನಮ್ಮದು ಅದಕ್ಕೆ ಮೊದಲು ಆಗಿರಲಿಲ್ಲ. ಮುಂಡರಗಿಯ ಎರಡೂ ಕೋಣೆ ತುಂಬಿದ್ದವು. ಡಂಬಳದ ಕಡೆಯ ಶಿಕ್ಷಕರೊಬ್ಬರು ಪರದೆಯ ಮೇಲೆ ಕೆರೆ ನೋಡಿ "ಅರೆ, ನಮ್ಮೂರ ಕೆರಿ! ಮಸ್ತ್ ಬಂದೈತಿ" ಎಂದರು. ನನಗೆ ಹಾರ ಹಾಕಿದರು. ಹಾರ ಕುತ್ತಿಗೆಯಲ್ಲಿ ಒದ್ದೆಯಾಗಿ, ತಣ್ಣಗಿತ್ತು. ಅದೊಂದು ನೆನಪಿದೆ. ಸಂತೋಷವಾಯಿತೇ ಎಂದರೆ ನೆನಪಿಲ್ಲ.

ನಾಗರ ಅಮಾವಾಸ್ಯೆ ಬಂತು, ಪಂಚಮಿ ಆಯಿತು, ಶ್ರಾವಣ ಮುಗಿಯಿತು. ಶಿರಹಟ್ಟಿಯಿಂದ ಯಾವ ಅರ್ಜಿಯೂ ಬರಲಿಲ್ಲ. ದೋಷಗಳಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಎಷ್ಟು ಸುಲಭ!

ಭಾದ್ರಪದದಲ್ಲಿ ಒಂದು ದಿನ ಬೆಟಗೇರಿ ಕಾಲೇಜಿಗೇ ಬಂದ. ಕೈಯಲ್ಲಿ ಸುರುಳಿ. "ಮನಸ್ಸು ತಡೀಲಿಲ್ಲಲೇ. ಅರ್ಧಾ ಅಂಚು ಹಾಕಿ ಸೀರಿ ಬಿಟ್ಟಂಗ ಅನ್ನಿಸಾಕತ್ತಿತ್ತು. ಮುಗಿಸೀನಿ, ಳ ಒತ್ತಿನ ತನಕ." ಸಾಹೇಬರು ಎರಡು ದಿನದಲ್ಲಿ ಅದನ್ನು ಸೇರಿಸಿ ಡಿಸ್ಕ್ ಕಟ್ಟಿದರು. ಒಂದೇ ಒಂದು ಡಿಸ್ಕ್. ನಾನು ಅದನ್ನು ಅಂಗಿಯ ಒಳಗೆ ಬನಿಯನ್ನಿಗೆ ತಾಗುವಂತೆ ಇಟ್ಟುಕೊಂಡು ಶಿರಹಟ್ಟಿಗೆ ಹೋದೆ, ಗೀರು ಬಿದ್ದೀತು ಎಂಬ ಚಿಂತೆಗೆ.

ಜಗುಲಿಯ ಮೇಲೆ ಮೇಜು ಇರಲಿಲ್ಲ. ಮೇಜಿನ ನಾಲ್ಕು ಕಾಲು ಊರಿದ್ದ ಕಡೆ ನೆಲ ನಾಲ್ಕು ಚೌಕವಾಗಿ ಬೆಳ್ಳಗಿತ್ತು. ಚಹದಂಗಡಿಯವನು ನನ್ನನ್ನು ಗುರುತು ಹಿಡಿದು, ರಸ್ತೆಯ ಆಚೆ ಕೈ ತೋರಿಸಿದ.

ಅವರು ಆ ಹೊಸ ಅಂಗಡಿಯಲ್ಲಿ ಕೂತಿದ್ದರು, ಮಾಲೀಕನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ. ಹೊಸ ಕಂಪ್ಯೂಟರು, ಅದರಲ್ಲಿ ನಮ್ಮದಲ್ಲದ ತಂತ್ರಾಂಶ. ಮುಂದೆ ನಾಲ್ಕು ಜನರ ಸಾಲು.

"ಬರ್ರಿ, ಕುಂಡ್ರಿ" ಎಂದರು. "ಪಂಚಮಿ ಮರುದಿನಾನ ಬಂದೆ ಇಲ್ಲಿಗೆ. ಅಲ್ಲಿ ಕುಂತ್ರ ಒಬ್ರೂ ಬರವಲ್ರು. ಇವರ ಕರದ್ರು. ಅರ್ಜಿ ಬರಿಯಾಕ ಬರೂ ಮಂದಿ ಇವರಿಗೂ ಬೇಕಾಗಿತ್ತು."

"ಪ್ರಿಂಟರು?"

"ಐತಿ, ಹಿಂದ."

ಸಾಲು ಕರಗಿದ ಮೇಲೆ ಅವರೇ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಹಳೆಯ ಕಂಪ್ಯೂಟರು, ಹಳೆಯ ಪ್ರಿಂಟರು ಒಂದರ ಮೇಲೊಂದು ಕೂತಿದ್ದವು, ಮೇಲೆ ಗೋಣಿತಟ್ಟು. ಇಬ್ಬರೂ ಕೂಡಿ ಇಳಿಸಿದೆವು. ತಂತಿ ಜೋಡಿಸಿದೆ, ಡಿಸ್ಕ್ ಹಾಕಿದೆ. ಏನು ಮುದ್ರಿಸಲಿ ಎಂದು ಕೇಳಿದೆ. ಅವರು ತಾವೇ ಕೀಲಿಮಣೆ ಎಳೆದುಕೊಂಡು, ನೋಡದೆ, ಒಂದು ಅರ್ಜಿಯನ್ನು ಸರಸರನೆ ಹೊಡೆದರು. ಪ್ರಿಂಟರು ಆ ಸಣ್ಣ ಕೋಣೆಯಲ್ಲಿ ಕರ್ರೋ ಎಂದು ಕೂಗಿತು. ಹೊರಗಿನ ಕೋಣೆಯಲ್ಲಿ ಯಾರೋ "ಏನದು ಸಪ್ಪಳ?" ಎಂದರು.

ಒತ್ತುಗಳೆಲ್ಲ ಬಂದಿದ್ದವು. ಬೆಟಗೇರಿಯ ಕೈ ಕಾಣುತ್ತಿತ್ತು. ಒಂದೊಂದು ಒತ್ತೂ ಅಂಚಿನ ಬುಟ್ಟಾದ ಹಾಗೆ, ತನ್ನ ಜಾಗದಲ್ಲಿ, ತುಂಬಿಕೊಂಡು. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿಂದ ಕೆಳಗಿನ ತನಕ ಪೂರಾ ಓದಿದರು.

"ಚಂದ ಬಂದೈತ್ರಿ" ಎಂದರು. "ಭಾಳ ಚಂದ ಬಂದೈತಿ."

ಹೊರಗೆ ಮತ್ತೆ ಜನ ಬಂದಿದ್ದರು. ಅವರು ಹಾಳೆಯನ್ನು ಮಡಚಿ ನನಗೇ ಕೊಟ್ಟು ಮುಂದಿನ ಕೋಣೆಗೆ ಹೋದರು. ನಾನು ತಂತಿಗಳನ್ನು ಬಿಚ್ಚಿ, ಎರಡನ್ನೂ ಇದ್ದ ಹಾಗೇ ಒಂದರ ಮೇಲೊಂದು ಇಟ್ಟು, ಗೋಣಿತಟ್ಟು ಹೊದಿಸಿದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಗದಗ ಬರುವ ತನಕ ಹೊರಗೆ ನೋಡುತ್ತ ಕೂತಿದ್ದೆ. ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ. ಮನೆಯಲ್ಲಿ ಹೆಂಡತಿ "ಹೋದ ಕೆಲಸ ಆತೇನು?" ಎಂದಳು. "ಆತು" ಎಂದೆ.

ಮಹಾಲಯ ಅಮಾವಾಸ್ಯೆಗೆ ಮುಂದಿನ ಆವೃತ್ತಿಯ ಮಾತುಕತೆ. ಮಗ್ಗ ನಿಂತಿತ್ತು, ಚಾಪೆ ಹಾಸಿತ್ತು, ಐವರೂ ಬಂದಿದ್ದೆವು. ಶಿರಹಟ್ಟಿಯವರು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದು, ಮೊದಲಿನ ಹಾಗೇ, ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯ ಪಕ್ಕ ಕೂತರು. ಪಟ್ಟಿಯಲ್ಲಿ ಮೊದಲನೆಯ ವಿಷಯವೇ ಸೂಜಿ ಪ್ರಿಂಟರಿನ ಒತ್ತಕ್ಷರ. ಹಿಂದಿನ ಸಲ ಮುಂದಕ್ಕೆ ಹಾಕಿದ್ದು. ನನ್ನ ಕೈಯ್ಯಾರೆ ಬರೆದದ್ದು.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಹಾಕೂದೇನು ತ್ರಾಸಿಲ್ಲರಿ, ಆಗೇತಿ. ಆದ್ರ ಒಳಗ ಇಟ್ರ ಪ್ರತಿ ಸಲ ಪರೀಕ್ಷಿ ಮಾಡಬೇಕು. ಜಗತ್ತಿನವರು ಏನರ ಬದಲಿ ಮಾಡಿದ್ರ ಮತ್ತ ತಿದ್ದಬೇಕು. ಈಗ ಅದನ್ನ ಬಳಸೋರು..." ಅವರು ಅಲ್ಲಿಗೇ ನಿಲ್ಲಿಸಿದರು.

ಬೆಟಗೇರಿ ಮಗ್ಗದ ಹಗ್ಗವೊಂದರ ಗಂಟು ನೋಡುತ್ತಿದ್ದ.

"ಯಾರೂ ಬಳಸಂಗಿಲ್ಲ" ಎಂದರು ಶಿರಹಟ್ಟಿ. "ತೆಗೀರಿ ಅದನ್ನ."

"ಇರಲಿ ಬಿಡವ್ವಾ, ಒಂದು ಮೂಲ್ಯಾಗ" ಎಂದರು ಮಾಸ್ತರರು.

"ಯಾಕ್ರಿ ಸರ? ಹಳೇ ಮಶೀನಕ್ಕ ಭಾರ ಆಗೂದೆಲ್ಲಾ ತೆಗೀಬೇಕು ಅಂತ ನೀವ ಹೇಳತಿದ್ರೆಲ್ಲಾ." ಆಮೇಲೆ ನನ್ನ ಕಡೆ ನೋಡಿದರು. "ಪರೀಕ್ಷಿ ಮಾಡೋರ ಪಟ್ಟ್ಯಾಗಿಂದ ನನ್ನ ಹೆಸರೂ ತೆಗೀರಿ. ಇದನ್ನ ನಡಸೂ ಮಶೀನ ಗೋಣಿತಟ್ಟಿನ ಕೆಳಗ ಕುಂತೈತಿ, ಈಗ ನಾ ಅದನ್ನ ಹಚ್ಚಂಗಿಲ್ಲ. ನೋಡದ ಸರಿ ಐತಿ ಅಂತ ಬರಿಯಾಕ ನನಗ ಬರಂಗಿಲ್ಲ. ಅದನ್ನ ಹೇಳಾಕಂತನ ಬಂದೆ."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಬೆಟಗೇರಿ, ನೀ ಏನಂತಿ?" ಎಂದು ನಾನು ಕೇಳಿದೆ. ಹೊಣೆಯನ್ನು ದಾಟಿಸುವ ಕಲೆ ನನಗೆ ಆ ಸ್ಥಿತಿಯಲ್ಲೂ ಕೈಕೊಟ್ಟಿರಲಿಲ್ಲ.

"ತೆಗಿ, ತೆಗಿ" ಎಂದ ಅವನು, ತಲೆ ಎತ್ತದೆ. "ಕಾಗದ ನನ್ನ ಕಡೆ ಅದಾವು." ಎದ್ದು ಚಹ ಹೇಳಲು ಒಳಗೆ ಹೋದ. ಚಹ ಬರಲು ಬಹಳ ಹೊತ್ತು ಹಿಡಿಯಿತು.

ನಾನು ಆ ಸಾಲಿನ ಮೇಲೆ ಗೆರೆ ಎಳೆದೆ. ಪರೀಕ್ಷಕರು ಎಂಬ ಶೀರ್ಷಿಕೆಯ ಕೆಳಗೆ ಇದ್ದದ್ದು ಒಂದೇ ಊರಿನ ಹೆಸರು. ಅದರ ಮೇಲೂ ಎಳೆದೆ. ಪೆನ್ನಿನ ಮಸಿ ಸ್ವಲ್ಪ ಹರಡಿತು. ಒತ್ತು ಕಾಗದ ಇಟ್ಟು ಹೀರಿಸಿದೆ. ಅವರು ಚಹ ಕುಡಿದು, ಬಟ್ಟಲನ್ನು ತಾವೇ ತೊಳೆದಿಟ್ಟು, ನಾಲ್ಕರ ಬಸ್ಸಿಗೆ ಹೊರಟರು. ಸಾಹೇಬರು ಎದ್ದು ನಿಂತು "ಬರತಿರ್ರಿ" ಎಂದರು. "ಹೂಂನ್ರಿ" ಎಂದರು ಅವರು. ನಾನೂ ಏನೋ ಅಂದೆ.

"ಎರಡನೇದು ಏನೈತಿ?" ಎಂದರು ಮುಂಡರಗಿ.

ಎರಡನೆಯದು ಪರದೆಯ ಹಿಂದಿನ ಚಿತ್ರ. ಕೆರೆ ಬದಲಿಸಬೇಕೋ, ಇದೇ ಇರಲೋ. ಅದರ ಮೇಲೆ ನಾವು ಒಂದು ತಾಸು ಮಾತಾಡಿದೆವು.